ಮೂರು ಕಾಲಿನ ನಾಯಿ: ಆಪರೇಷನ್ ಆದ ಮೇಲೆ ಮನೆಯಲ್ಲಿ ಆಗಬೇಕಾದ ಕೆಲಸ

ಕಾಲು ತೆಗೆಯಬೇಕಾಗುತ್ತೆ ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯವರೆಲ್ಲ ಕೇಳುವುದು ಒಂದೇ: ‘ಪಾಪ, ಇನ್ನು ಅದು ನಡೆಯೋದು ಹೇಗೆ?’ ನಡೆಯುತ್ತದೆ. ಬಹುಪಾಲು ನಾಯಿಗಳು ಆಪರೇಷನ್ನಿನ ಮರುದಿನವೇ ಎದ್ದು ನಿಲ್ಲುತ್ತವೆ, ಎರಡು ಮೂರು ದಿನದಲ್ಲಿ ಕುಂಟುತ್ತಲೇ ಅಂಗಳಕ್ಕೆ ಹೋಗಿ ಬರುತ್ತವೆ. ಹೋದ ಕಾಲಿಗಾಗಿ ಕೊರಗುವವರು ನಾವು. ನಾಯಿಗಿರುವ ಕಷ್ಟಗಳು ನೋವು, ಜಾರುವ ನೆಲ ಮತ್ತು ಹೆಚ್ಚಿನ ಮೈತೂಕ. ಉಳಿದ ಮೂರು ಕಾಲುಗಳು ಹತ್ತು ವರ್ಷ ಬಾಳಬೇಕಾದರೆ ಈ ಮೂರನ್ನೂ ನೋಡಿಕೊಳ್ಳಬೇಕು.

ನಮ್ಮ ಊರುಗಳಲ್ಲಿ ಕಾಲು ಹೋಗುವುದು ಹೆಚ್ಚಾಗಿ ರಸ್ತೆ ಅಪಘಾತದಿಂದ. ಬೈಕು, ಕಾರು ಭುಜಕ್ಕೆ ಗುದ್ದಿದಾಗ ಮುಂಗಾಲಿಗೆ ಹೋಗುವ ನರಗಳು ಬುಡದಲ್ಲೇ ಕಿತ್ತುಹೋಗುತ್ತವೆ. ಮೂಳೆ ಮುರಿದಿರುವುದಿಲ್ಲ, ಆದರೂ ಪಂಜ ಮಡಚಿಕೊಂಡು ನೆಲಕ್ಕೆ ಉಜ್ಜುತ್ತಾ, ಚರ್ಮ ಸುಲಿದು ಗಾಯವಾಗಿ, ಕೊನೆಗೆ ಕೀವಾಗುತ್ತದೆ. ಬೆರಳನ್ನು ಜೋರಾಗಿ ಚಿವುಟಿದರೂ ನಾಯಿ ತಿರುಗಿ ನೋಡುವುದಿಲ್ಲ. ವಯಸ್ಸಾದ ಲ್ಯಾಬ್ರಡಾರ್, ರಾಟ್‌ವೈಲರ್, ಗ್ರೇಟ್ ಡೇನ್‌ಗಳಲ್ಲಿ ಮೂಳೆ ಕ್ಯಾನ್ಸರ್ ಕಾರಣವಾಗಿರುತ್ತದೆ. ಅಲ್ಲಿ ಲೆಕ್ಕವೇ ಬೇರೆ: ಕಾಲು ತೆಗೆದರೆ ನೋವು ಹೋಗುತ್ತದೆ, ಕಾಯಿಲೆ ಹೋಗುವುದಿಲ್ಲ. ಆಪರೇಷನ್ ಮಾತ್ರವಾದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಜೊತೆಗೆ ಕೀಮೋ ಕೊಟ್ಟರೆ ಹತ್ತು ಹನ್ನೆರಡು ತಿಂಗಳು. ಅದಕ್ಕಿಂತ ಹೆಚ್ಚು ದಿನ ಇದ್ದವೂ ಇವೆ. ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ, ಆಮೇಲೆ ತೀರ್ಮಾನಿಸಿ.

‘ಮೊಣಕಾಲಿನ ತನಕವಾದರೂ ಉಳಿಸಿ’ ಎಂದು ಕೇಳಿಕೊಳ್ಳುವವರಿದ್ದಾರೆ. ಅರ್ಧ ಕಾಲು ಉಳಿದರೆ ನಾಯಿ ಅದನ್ನು ಊರಲು ನೋಡುತ್ತದೆ, ನೆಲಕ್ಕೆ ತಾಗಿ ತಾಗಿ ತುದಿ ಒಡೆಯುತ್ತದೆ, ಹುಣ್ಣು ಆರುವುದೇ ಇಲ್ಲ. ಅದಕ್ಕೇ ಮುಂಗಾಲಾದರೆ ಭುಜದ ಚಪ್ಪಟೆ ಮೂಳೆಯ ಸಮೇತ, ಹಿಂಗಾಲಾದರೆ ತೊಡೆಯ ನಡುವಿನಿಂದ ಇಲ್ಲವೇ ಸೊಂಟದ ಕೀಲಿನಿಂದಲೇ ತೆಗೆಯುತ್ತಾರೆ. ಕೃತಕ ಕಾಲು ಹಾಕಿಸುವ ಯೋಚನೆಯಿದ್ದರೆ ಮಾತ್ರ ಕೆಳಭಾಗದಲ್ಲಿ ಕತ್ತರಿಸುವ ಮಾತು ಬರುತ್ತದೆ. ಅದನ್ನು ಆಪರೇಷನ್ನಿಗೆ ಮೊದಲೇ ಆಡಬೇಕು, ಆಮೇಲೆ ಆಡಿ ಪ್ರಯೋಜನವಿಲ್ಲ.

ಮೊದಲೇ ಮಾಡಿಸಬೇಕಾದ ಎರಡು ಪರೀಕ್ಷೆಗಳಿವೆ. ಉಳಿಯುವ ಕಾಲುಗಳ ಕೀಲುಗಳನ್ನು, ಅದರಲ್ಲೂ ಸೊಂಟ ಮತ್ತು ಮಂಡಿಯನ್ನು, ಎಕ್ಸ್‌ರೇ ತೆಗೆಸಿ ನೋಡಬೇಕು. ಇನ್ನೊಂದು ರಕ್ತಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆಯ ಸಮೇತ. ನಮ್ಮಲ್ಲಿ ಉಣ್ಣೆಜ್ವರ ಇಲ್ಲದ ಬೀದಿಯೇ ಇಲ್ಲ. ಹೊರಗೆ ಗಟ್ಟಿಮುಟ್ಟಾಗಿ ಕಾಣುವ ನಾಯಿಯಲ್ಲೂ ಪ್ಲೇಟ್‌ಲೆಟ್ ಕುಸಿದಿರಬಹುದು, ಅಂಥ ನಾಯಿಗೆ ಇಷ್ಟು ದೊಡ್ಡ ಆಪರೇಷನ್ ಮಾಡಿದರೆ ರಕ್ತ ನಿಲ್ಲುವುದು ಕಷ್ಟ.

ಇನ್ನು ಮನೆಯ ನೆಲ. ಎಲ್ಲಕ್ಕಿಂತ ಹೆಚ್ಚು ನಾಯಿಗಳು ಸೋಲುವುದು ಇಲ್ಲೇ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಪಾಲಿಶ್ ಮಾಡಿದ ರೆಡ್ ಆಕ್ಸೈಡ್ ಇವೆಲ್ಲ ನಾಲ್ಕು ಕಾಲಿನ ನಾಯಿಗೇ ಜಾರುತ್ತವೆ. ಮೂರು ಕಾಲಿನದು ಒಮ್ಮೆ ಜಾರಿ ಹೊಲಿಗೆಯ ಮೇಲೆ ಬಿದ್ದರೆ ಗಾಯ ಬಿಡುತ್ತದೆ, ಅದಕ್ಕಿಂತ ಹೆಚ್ಚಾಗಿ ಧೈರ್ಯ ಹೋಗುತ್ತದೆ. ಆಮೇಲೆ ಮೂಲೆ ಬಿಟ್ಟು ಏಳುವುದಿಲ್ಲ, ಮನೆಯವರು ಅದನ್ನು ‘ಬೇಜಾರು’ ಅಂದುಕೊಳ್ಳುತ್ತಾರೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಉಚ್ಚೆ ಹೊಯ್ಯುವ ಜಾಗಕ್ಕೆ ಎರಡು ಅಡಿ ಅಗಲದ ಒಂದು ದಾರಿ ಹಾಸಿದರೆ ಸಾಕು, ಇಡೀ ಮನೆ ಮುಚ್ಚಬೇಕಿಲ್ಲ. ಯೋಗಾ ಮ್ಯಾಟು ಒಂದರ ಹಿಂದೊಂದು ಹಾಸಿ ಅಂಚಿಗೆ ಟೇಪು ಅಂಟಿಸಬಹುದು. ಮಕ್ಕಳ ಕೋಣೆಗೆ ಹಾಕುವ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಚೌಕಗಳೂ ಆಗುತ್ತವೆ. ಜಮಖಾನೆ, ಹಳೇ ಬೆಡ್‌ಶೀಟು ಬೇಡವೇ ಬೇಡ, ಅವು ನಾಯಿಯ ಜೊತೆಗೇ ಜಾರುತ್ತವೆ. ಜಮಖಾನೆಯೇ ಇರುವುದಾದರೆ ಕೆಳಗೆ ರಬ್ಬರ್ ಜಾಲರಿ ಹಾಕಿ. ಇದನ್ನೆಲ್ಲ ಆಪರೇಷನ್ನಿನ ಹಿಂದಿನ ದಿನವೇ ಮುಗಿಸಿ. ನೆಲ ಒರೆಸಿದರೆ ಪೂರ್ತಿ ಒಣಗುವ ತನಕ ನಾಯಿಯನ್ನು ಒಂದು ಕಡೆ ಇರಿಸಿ. ಉಗುರು ಕತ್ತರಿಸಿ, ಪಂಜದ ಅಡಿಯಲ್ಲಿ ಮೆತ್ತೆಗಳ ನಡುವೆ ಕೂದಲು ಬೆಳೆದಿದ್ದರೆ ಅದನ್ನೂ ತೆಗೆಯಿರಿ. ಹಿಡಿತ ಸಿಗುವುದು ಆ ಮೆತ್ತೆಗಳಿಂದ, ಕೂದಲು ಅದನ್ನು ಮುಚ್ಚಿಬಿಟ್ಟಿರುತ್ತದೆ.

ಆಪರೇಷನ್ ಆದ ಮೊದಲ ರಾತ್ರಿ ನರಳಾಟ ಇರುತ್ತದೆ. ಅದರಲ್ಲಿ ಒಂದಿಷ್ಟು ಅರಿವಳಿಕೆ ಇಳಿಯುವಾಗಿನ ಗಲಿಬಿಲಿ. ದಪ್ಪನೆಯ ಹಾಸು ಹಾಕಿ, ಹೊಲಿಗೆಯ ಮಗ್ಗುಲು ಮೇಲಕ್ಕಿರುವಂತೆ ಮಲಗಿಸಿ. ತುಟಿ ಎತ್ತಿ ವಸಡು ನೋಡಿ: ಗುಲಾಬಿ ಬಣ್ಣ ಇರಬೇಕು. ಬಿಳಿಚಿಕೊಂಡಿದ್ದರೆ, ಅಥವಾ ಗಾಯದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ ಬೆಳಗಾಗುವ ತನಕ ಕಾಯಬೇಡಿ. ಉಚ್ಚೆ 24 ಗಂಟೆಯೊಳಗೆ ಆಗಬೇಕು. ಮಲ ಮಾತ್ರ ಮೂರು ನಾಲ್ಕು ದಿನ ಆಗದಿದ್ದರೂ ಗಾಬರಿಯಿಲ್ಲ: ಹೊಟ್ಟೆ ಖಾಲಿ ಇತ್ತು, ನೋವಿನ ಇಂಜೆಕ್ಷನ್‌ಗಳು ಕರುಳನ್ನು ನಿಧಾನ ಮಾಡಿರುತ್ತವೆ.

ಎರಡನೇ ಮೂರನೇ ದಿನ ಗಾಯದ ಸುತ್ತ ಊತ ಹೆಚ್ಚುತ್ತದೆ, ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಆ ಬಣ್ಣ ಎದೆಗೋ ಹೊಟ್ಟೆಗೋ ಇಳಿಯುತ್ತದೆ. ಒಳಗೆ ಸೋರಿದ ರಕ್ತ ಕೆಳಕ್ಕೆ ಇಳಿಯುವುದು ಸಹಜ. ಹೊಲಿಗೆಯ ಕೆಳತುದಿಯಲ್ಲಿ ಮೆತ್ತಗಿನ, ಒತ್ತಿದರೆ ನೀರಿನಂತೆ ಅಲ್ಲಾಡುವ ಗಡ್ಡೆ ಬಂದರೆ ಅದು ತಿಳಿನೀರು ಕಟ್ಟಿಕೊಂಡದ್ದು. ಹೆಚ್ಚಾಗಿ ತಾನಾಗಿಯೇ ಹೀರಿಕೊಳ್ಳುತ್ತದೆ. ಸೂಜಿ ಚುಚ್ಚಿ ತೆಗೆಯಲು ಹೋದರೆ ಸೋಂಕನ್ನು ಕೈಯಾರೆ ಒಳಗೆ ಬಿಟ್ಟಂತೆ. ಮುಟ್ಟಿದರೆ ಸುಡುತ್ತಿದ್ದು ವಾಸನೆ ಬಂದರೆ, ಕೀವು ಕಂಡರೆ ಡಾಕ್ಟರ ಬಳಿಗೆ ಹೋಗಲೇಬೇಕು. ಮೊದಲ ಮೂರು ದಿನ ತೆಳುಬಟ್ಟೆಯಲ್ಲಿ ಸುತ್ತಿದ ಐಸನ್ನು ದಿನಕ್ಕೆ ಮೂರು ನಾಲ್ಕು ಸಲ, ಹತ್ತು ನಿಮಿಷ ಇಟ್ಟರೆ ಊತ ಇಳಿಯಲು ಸಹಾಯ.

ಅರಿಶಿನ ಹಚ್ಚಬೇಡಿ. ಹೊಲಿಗೆಯ ಮೇಲೆ ಅರಿಶಿನದ ಪುಡಿ ಹೆಪ್ಪುಗಟ್ಟಿದರೆ ಒಳಗೆ ಕೆಂಪಾಗಿದೆಯೋ ಕೀವಾಗಿದೆಯೋ ಯಾರಿಗೂ ಕಾಣುವುದಿಲ್ಲ. ಡೆಟಾಲ್, ಬೇವಿನೆಣ್ಣೆಯೂ ಅಷ್ಟೇ, ಹಚ್ಚಿದರೆ ಉರಿಯಾಗಿ ನಾಯಿ ಇನ್ನಷ್ಟು ನೆಕ್ಕುತ್ತದೆ. ಮಳೆಗಾಲದಲ್ಲಿ ನೊಣ ಕೂತರೆ ಒಂದೇ ದಿನದಲ್ಲಿ ಹುಳು ಬೀಳಬಹುದು, ಹಾಗಾಗಿ ಗಾಯವನ್ನು ದಿನಕ್ಕೆರಡು ಸಲ ಬೆಳಕಿನಲ್ಲಿ ನೋಡಬೇಕು. ಕೊರಳಿನ ಪ್ಲಾಸ್ಟಿಕ್ ಕೋನು ಮೂರು ಕಾಲಿನ ನಾಯಿಗೆ ನೆಲಕ್ಕೆ ತಗುಲಿ ಮುಗ್ಗರಿಸುವಂತೆ ಮಾಡುತ್ತದೆ. ಮುಂಗಾಲು ಹೋದ ನಾಯಿಗೆ ಮಕ್ಕಳ ಹತ್ತಿಯ ಟೀ ಶರ್ಟು ವಾಸಿ: ಕಾಲಿಲ್ಲದ ಕಡೆಯ ತೋಳನ್ನು ಹೊಲಿದು ಮುಚ್ಚಿ (ಪಿನ್ನು ಬೇಡ), ಸಡಿಲವಿದ್ದ ಬಟ್ಟೆಯನ್ನು ಬೆನ್ನ ಮೇಲೆ ಗಂಟು ಹಾಕಿ. ಯಾರೂ ಕಣ್ಣಿಡಲಾಗದ ಹೊತ್ತಿನಲ್ಲಿ ಮಾತ್ರ ಕೋನು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ, ಅಲ್ಲಿಯವರೆಗೆ ಸ್ನಾನವಿಲ್ಲ.

ನೋವಿನ ಮಾತ್ರೆಯ ವಿಷಯದಲ್ಲಿ ಪದೇಪದೇ ಕಾಣುವ ತಪ್ಪು, ಮೂರನೇ ದಿನ ನಾಯಿ ಬಾಲ ಆಡಿಸಿ ಊಟ ಮಾಡಿತೆಂದು ನಿಲ್ಲಿಸುವುದು. ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಥರದ ಊತ ಇಳಿಸುವ ಮಾತ್ರೆ ಒಂದು, ನರದ ನೋವಿಗೆ ಗ್ಯಾಬಾಪೆಂಟಿನ್ ಒಂದು ಬರೆದಿರುತ್ತಾರೆ. ಮೊದಲನೆಯದನ್ನು ಊಟದ ಜೊತೆಗೇ ಕೊಡಬೇಕು. ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ನಿಲ್ಲಿಸಿ ಫೋನ್ ಮಾಡಬೇಕು. ಎರಡನೆಯದನ್ನು ಥಟ್ಟನೆ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಮನುಷ್ಯರ ಗ್ಯಾಬಾಪೆಂಟಿನ್ ಸಿರಪ್ ತಂದರೆ ಅದರಲ್ಲಿ ಕ್ಸೈಲಿಟಾಲ್ ಇದೆಯೇ ಎಂದು ಲೇಬಲ್ ಓದಿ, ಅದು ನಾಯಿಗೆ ವಿಷ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ಯಾವುದನ್ನೂ ಸ್ವಂತ ಬುದ್ಧಿಯಿಂದ ಕೊಡಬೇಡಿ.

ಇನ್ನೊಂದು ನೋವಿದೆ, ಇಲ್ಲದ ಕಾಲಿನದು. ಸುಮ್ಮನೆ ಮಲಗಿದ್ದ ನಾಯಿ ಇದ್ದಕ್ಕಿದ್ದಂತೆ ಕಿರುಚಿ ಎದ್ದು, ಕಾಲು ಇದ್ದ ಕಡೆಗೆ ತಿರುಗಿ ನೋಡುತ್ತದೆ, ಅಲ್ಲಿನ ಚರ್ಮ ಅದುರುತ್ತದೆ. ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಆಸ್ಪತ್ರೆಯ ಟೇಬಲ್ ಮೇಲೆ ಯಾವ ನಾಯಿಯೂ ಇದನ್ನು ಮಾಡಿ ತೋರಿಸುವುದಿಲ್ಲ.

ನಡಿಗೆಗೆ ಬರೋಣ. ನಾಯಿ ನಿಂತಾಗ ಮೈಭಾರದ ಸುಮಾರು 60 ಪಾಲು ಮುಂಗಾಲುಗಳ ಮೇಲೆ, 40 ಪಾಲು ಹಿಂಗಾಲುಗಳ ಮೇಲೆ ಇರುತ್ತದೆ. ಆದ್ದರಿಂದ ಮುಂಗಾಲು ಹೋದ ನಾಯಿಗೆ ಕಷ್ಟ ಜಾಸ್ತಿ. ಉಳಿದ ಒಂದು ಮುಂಗಾಲನ್ನು ಎದೆಯ ನಡುವಿಗೆ ತಂದು ಊರಿ, ತಲೆಯನ್ನು ಮೇಲೆ ಕೆಳಗೆ ಎಸೆಯುತ್ತಾ ಕುಪ್ಪಳಿಸುತ್ತದೆ. ಅದಕ್ಕೆ ಮೆಟ್ಟಿಲು ಇಳಿಯುವುದು ಅಪಾಯ. ಹಿಂಗಾಲು ಹೋದದ್ದಕ್ಕೆ ಹತ್ತುವುದು ಕಷ್ಟ. ಬಟ್ಟಲನ್ನು ನೆಲದ ಮೇಲಿಟ್ಟರೆ ಮುಂಗಾಲು ಹೋದ ನಾಯಿ ತಲೆ ಬಗ್ಗಿಸಿದಾಗ ಭಾರವೆಲ್ಲ ಆ ಒಂದೇ ಕಾಲಿಗೆ ಬೀಳುತ್ತದೆ, ಎದೆಮಟ್ಟದ ಸ್ಟೂಲಿನ ಮೇಲಿಡಿ. ಕೊರಳಪಟ್ಟಿಗೆ ಸರಪಣಿ ಹಾಕಿ ಎಳೆಯುವುದನ್ನು ಇನ್ನು ಮರೆಯಿರಿ. ಬೆನ್ನ ಮೇಲೆ ಹಿಡಿಕೆಯಿರುವ, ಹೊಟ್ಟೆಯ ಕೆಳಗೆ ಎರಡನೇ ಪಟ್ಟಿಯಿರುವ ಹಾರ್ನೆಸ್ ಬೇಕು, ಒಂದೇ ಪಟ್ಟಿಯದು ಕಾಲಿಲ್ಲದ ಕಡೆಗೆ ಜಾರಿ ಕಂಕುಳನ್ನು ಉಜ್ಜುತ್ತದೆ. ಹಿಂಗಾಲು ಹೋದದ್ದಕ್ಕೆ ಒಂದು ಟವೆಲ್ ಸಾಕು, ತೊಡೆಯ ಮುಂದೆ ಹೊಟ್ಟೆಯಡಿ ಹಾಯಿಸಿ ಎರಡೂ ತುದಿ ಮೇಲೆ ಹಿಡಿಯಿರಿ. ಗಂಡು ನಾಯಿಗೆ ಉಚ್ಚೆಯ ಜಾಗ ಒತ್ತದಂತೆ ನೋಡಿಕೊಳ್ಳಿ. ಎತ್ತುವುದು ಬೇಡ, ಬೀಳದಂತೆ ತಡೆದರೆ ಸಾಕು. ಪೂರ್ತಿ ಎತ್ತಿಕೊಂಡು ತಿರುಗಿದರೆ ಅದು ಸಮತೋಲನ ಕಲಿಯುವುದೇ ಇಲ್ಲ.

ಮೊದಲ ಎರಡು ವಾರ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ, ಅಷ್ಟೇ. ಸೋಫಾ, ಮಂಚ, ಸ್ಕೂಟರಿನ ಫುಟ್‌ಬೋರ್ಡ್ ಇವಕ್ಕೆ ಹಾರುವುದು ಆರು ವಾರ ಬಂದ್. ಮೂರು ಕಾಲಿನ ನಾಯಿಗೆ ನಿಧಾನವಾಗಿ ನಡೆಯುವುದಕ್ಕಿಂತ ಓಡುವುದು ಸಲೀಸು, ಅದನ್ನು ನೋಡಿ ‘ಚೆನ್ನಾಗಿ ಓಡ್ತಿದೆ’ ಎಂದು ಮೈದಾನಕ್ಕೆ ಬಿಟ್ಟುಬಿಡುತ್ತಾರೆ. ಮರುದಿನ ಅದು ಏಳುವುದಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ವ್ಯಾಯಾಮ ಶುರು ಮಾಡಬಹುದು: ಕೂತು ಏಳಿಸುವುದು ಐದು ಸಲ, ತಿಂಡಿಯ ಚೂರನ್ನು ಮೂಗಿನ ಹತ್ತಿರದಿಂದ ಭುಜಕ್ಕೆ, ಆಮೇಲೆ ಸೊಂಟಕ್ಕೆ ಒಯ್ದು ಕತ್ತು ತಿರುಗಿಸುವುದು ಎರಡೂ ಕಡೆ ಮೂರು ಮೂರು ಸಲ, ದಪ್ಪ ದಿಂಬಿನ ಮೇಲೆ ಹತ್ತು ಸೆಕೆಂಡು ನಿಲ್ಲಿಸುವುದು. ಕಾಲು ನಡುಗಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ.

ತೂಕದ ಲೆಕ್ಕವನ್ನು ಹೊಸದಾಗಿ ಇಡಬೇಕು. ಕಾಲು ಹೋದಾಗ ಅದರ ತೂಕವೂ ಹೋಗಿರುತ್ತದೆ, ಹಳೇ ಅಂಕಿ ನೋಡಿ ‘ಇಳಿದುಹೋಗಿದೆ’ ಎಂದು ತುರುಕಬೇಡಿ. ಊತ ಇಳಿದ ಮೇಲೆ ತೂಗಿ ಅದನ್ನೇ ಹೊಸ ಅಂಕಿಯಾಗಿ ಬರೆದಿಡಿ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಕಿಲೋ ಲೆಕ್ಕದ ತೂಕವನ್ನು ಮೂರು ಸಲ ಹಾಕಿ ಗುಣಿಸಿ, ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿದರೆ ಸುಮ್ಮನೆ ಮಲಗಿರುವ ನಾಯಿಗೆ ಬೇಕಾದ ಕ್ಯಾಲೊರಿ ಸಿಗುತ್ತದೆ. 18 ಕಿಲೋ ನಾಯಿಗೆ: 18×18×18 ಎಂದರೆ 5832, ಎರಡು ವರ್ಗಮೂಲಕ್ಕೆ 8.74, ಅದನ್ನು 70ರಿಂದ ಗುಣಿಸಿದರೆ 612 ಕ್ಯಾಲೊರಿ. ವಿಶ್ರಾಂತಿಯ ವಾರಗಳಲ್ಲಿ ಇದಕ್ಕೆ 1.2ರಿಂದ 1.3 ಪಟ್ಟು, ಅಂದರೆ 730ರಿಂದ 800. ಬೇಯಿಸಿದ 100 ಗ್ರಾಂ ಅನ್ನದಲ್ಲಿ 130 ಕ್ಯಾಲೊರಿ, ಚರ್ಮ ತೆಗೆದು ಬೇಯಿಸಿದ ಕೋಳಿ ಎದೆಮಾಂಸದಲ್ಲಿ 165. ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ 25ರ ಹತ್ತಿರ, ‘ಪಾಪ’ ಅಂತ ಮನೆಮಂದಿಯೆಲ್ಲ ಸೇರಿ ಎಂಟು ಹಾಕಿದರೆ ದಿನದ ಕಾಲು ಪಾಲು ಊಟ ಅಲ್ಲಿಗೇ ಮುಗಿಯಿತು. ಅಂಕಿಗಿಂತ ಕೈ ನಂಬಿ: ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಒಂದೊಂದೂ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು.

ಹಿಂಗಾಲು ಹೋದ ನಾಯಿಗೆ ಆ ಕಡೆಯ ಕಿವಿ ತುರಿಸಿಕೊಳ್ಳಲು ಆಗುವುದಿಲ್ಲ. ತೊಡೆಯ ಬುಡ ಗಾಳಿಯಲ್ಲೇ ಬಡಿದಾಡುತ್ತದೆ. ಉಣ್ಣೆಗಳು ಆ ಕಿವಿಯ ಮಡಿಕೆಯಲ್ಲಿ, ಕತ್ತಿನ ಆ ಮಗ್ಗುಲಲ್ಲಿ ನೆಮ್ಮದಿಯಾಗಿ ಕೂತಿರುತ್ತವೆ. ದಿನಕ್ಕೊಮ್ಮೆ ಕಿವಿಯನ್ನು ಮಗುಚಿ ನೋಡಿ, ಉಣ್ಣೆ ಔಷಧಿಯನ್ನು ತಿಂಗಳು ತಪ್ಪಿಸಬೇಡಿ. ಬೇಸಿಗೆಯಲ್ಲಿ ಟಾರು ರಸ್ತೆಗೆ ಅಂಗೈ ಹಿಂಭಾಗವನ್ನು ಏಳು ಸೆಕೆಂಡು ಇಟ್ಟು ನೋಡಿ, ನಿಮಗೆ ತಡೆಯಲಾಗದಿದ್ದರೆ ನಾಯಿಯನ್ನು ಇಳಿಸಬೇಡಿ. ಇರುವ ಮೂರು ಪಂಜಗಳಲ್ಲಿ ಒಂದು ಸುಟ್ಟರೂ ನಡಿಗೆ ನಿಂತಂತೆಯೇ.

ಚಕ್ರದ ಗಾಡಿ ಬೇಕೇ ಎಂದು ಕೇಳುತ್ತಾರೆ. ಉಳಿದ ಕಾಲುಗಳು ಗಟ್ಟಿಯಿದ್ದರೆ ಬೇಡ. ಬೀದಿನಾಯಿಯಾದರೆ ಮತ್ತೆ ಅದೇ ಬೀದಿಗೆ ಬಿಡಬಹುದೇ ಎಂಬುದಕ್ಕೆ ನೇರ ಉತ್ತರವಿಲ್ಲ. ಒಳರಸ್ತೆಯಲ್ಲಿ, ಊಟ ಹಾಕುವವರಿರುವ ಜಾಗದಲ್ಲಿ ಬಾಳುವ ಮೂರು ಕಾಲಿನವು ಬೇಕಾದಷ್ಟಿವೆ. ಮುಖ್ಯರಸ್ತೆಯ ಬದಿ, ಇತರ ನಾಯಿಗಳ ಜಗಳ ಹೆಚ್ಚಿರುವ ಕಡೆ ಬಿಡುವುದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಹೇಗಾದರೂ ಆರು ವಾರಕ್ಕೆ ಮೊದಲು ಬೇಡ.

ವರ್ಷಗಳು ಕಳೆದ ಮೇಲೆ ನಾಯಿ ಏಳಲು ತಡಮಾಡಿದರೆ, ನಡುವೆ ಕೂತುಬಿಟ್ಟರೆ, ಉಳಿದ ಕಾಲಿನ ಮಣಿಕಟ್ಟು ನೆಲದ ಕಡೆಗೆ ಕುಸಿಯುತ್ತಿದ್ದರೆ ವಯಸ್ಸಾಯಿತು ಎಂದು ಬಿಡಬೇಡಿ. ನಾಲ್ಕು ಕಾಲಿನ ನಾಯಿ ನೋಯುವ ಕಾಲನ್ನು ಎತ್ತಿಕೊಂಡು ಒಂದು ವಾರ ಕಳೆಯಬಲ್ಲದು, ಇದಕ್ಕೆ ಆ ಅನುಕೂಲವಿಲ್ಲ. ಅದೇ ದಿನ ನಡಿಗೆ ನಿಲ್ಲಿಸಿ, ಅದೇ ವಾರ ಎಕ್ಸ್‌ರೇ ತೆಗೆಸಿ. ಕೀಲುನೋವಿನ ಚಿಕಿತ್ಸೆ ಬೇಗ ಶುರುವಾದಷ್ಟೂ ಕಡಿಮೆ ಮಾತ್ರೆಯಲ್ಲಿ ಮುಗಿಯುತ್ತದೆ.