‘ಇತರೆ’ ಎಂದು ಬರೆದಿಟ್ಟ ಖರ್ಚು

ನಮ್ಮ ಮನೆಯ ಜಮಾಖರ್ಚನ್ನು ಓದಲು ನಾನು ಕಲಿತದ್ದು 13ನೆಯ ವಯಸ್ಸಿನಲ್ಲಿ. ಅಮ್ಮ ಪ್ರತಿ ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಹಳೆಯ ಡೈರಿಯೊಂದರಲ್ಲಿ ಸಾಲದ ಕಂತು, ಶಾಲೆಯ ಶುಲ್ಕ, ವಿದ್ಯುತ್ ಬಿಲ್ಲು ಎಂದು ಒಂದರ ಕೆಳಗೊಂದು ಬರೆದು, ಕಡೆಯ ಸಾಲಿನಲ್ಲಿ ‘ಇತರೆ’ ಎಂದು ಹಾಕಿ ಅದರ ಮುಂದೆ ಒಂದು ಮೊತ್ತವನ್ನು ಬರೆಯುತ್ತಿದ್ದಳು. ಉಳಿದ ಬಾಬ್ತುಗಳನ್ನು ಹೊಡೆದು ತಿದ್ದಿದ ಗುರುತುಗಳಿರುತ್ತಿದ್ದವು. ‘ಇತರೆ’ಯನ್ನು ಮಾತ್ರ ಆಕೆ ಒಂದೇ ಸಲಕ್ಕೆ, ಕೆಳಗಿನ ಹಾಳೆಯಲ್ಲಿ ಅಚ್ಚು ಮೂಡುವಷ್ಟು ಪೆನ್ನನ್ನು ಒತ್ತಿ ಬರೆಯುತ್ತಿದ್ದಳು. ಅದು ಅಪ್ಪನ ಕುಡಿತದ ಖರ್ಚು ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಸಾಲದ ಚಿಂತೆಯಿಂದ ಕುಡಿಯುತ್ತೇನೆ ಎಂದು ಅಪ್ಪ ಹೇಳುತ್ತಿದ್ದರು, ಕುಡಿದದ್ದರಿಂದಲೇ ಸಾಲವಾಯಿತು ಎಂದು ಅಮ್ಮ ಹೇಳುತ್ತಿದ್ದಳು. ಇಬ್ಬರ ಮಾತೂ ನಿಜವಾಗಿತ್ತು. ಬೇರೆಯವರಿಗಾಗಿ ಜಾಮೀನು ನಿಂತು ತಲೆಯ ಮೇಲೆ ಬಂದ ಸಾಲ ಕುಡಿತಕ್ಕಿಂತ ಹಳೆಯದು, ಆದರೆ ಅದರ ಬಡ್ಡಿ ಬೆಳೆದದ್ದು ಕುಡಿತದ ದಿನಗಳಲ್ಲಿ. ಸಾಲ ತೀರಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೆ. ಒಂದು ವರ್ಷ ಕೈಸಾಲವೊಂದು ನಿಜಕ್ಕೂ ತೀರಿತು. ಅಪ್ಪ ಆ ಸಂತೋಷಕ್ಕೇ ಕುಡಿದು ಬಂದರು.

ಇಂತಹ ಮನೆಯಲ್ಲಿ ಬೆಳೆಯುವ ಮಗುವಿನ ಕಿವಿ ಬಹಳ ಚುರುಕಾಗುತ್ತದೆ. ಚಪ್ಪಲಿ ಬಿಡುವ ಸದ್ದಿನಿಂದಲೇ ಆ ರಾತ್ರಿ ಹೇಗಿರುತ್ತದೆಂದು ನನಗೂ ತಂಗಿಗೂ ತಿಳಿಯುತ್ತಿತ್ತು. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ, ಒಳಕೋಣೆಯಲ್ಲಿ ಅಪ್ಪನ ಗೊರಕೆ ಕೇಳುತ್ತಿರುವಾಗಲೇ ‘ಅಪ್ಪ ಮನೆಯಲ್ಲಿಲ್ಲ’ ಎಂದು ಹೇಳುವ ಕೆಲಸ ನನ್ನದಾಗಿತ್ತು. ಶುಲ್ಕ ಕಟ್ಟಿಲ್ಲವೆಂದು ಶಾಲೆಯಿಂದ ಕೊಟ್ಟ ಚೀಟಿಯನ್ನು ಅಮ್ಮನಿಗೆ ತೋರಿಸದೆ ಪುಸ್ತಕದ ರಟ್ಟಿನೊಳಗೆ ಬಚ್ಚಿಡುವುದನ್ನೂ ಅದೇ ವರ್ಷ ಕಲಿತೆ.

ನಾನು ಮೊದಲ ಸಲ ಕುಡಿದದ್ದು 17ರಲ್ಲಿ, ಗೆಳೆಯರೊಂದಿಗೆ. ಎಲ್ಲರೂ ತೂರಾಡುತ್ತಿದ್ದಾಗ ನಾನೊಬ್ಬ ನೆಟ್ಟಗೆ ನಿಂತಿದ್ದೆ. ಅವರು ಅದನ್ನು ಹೊಗಳಿದರು, ನಾನು ಅಪ್ಪನಂತಲ್ಲ ಎಂಬುದಕ್ಕೆ ಅದೇ ಸಾಕ್ಷಿಯೆಂದು ನಾನು ತಿಳಿದೆ. ಆದರೆ ಸುಲಭವಾಗಿ ಅಮಲೇರದಿರುವುದು ಗಟ್ಟಿತನದ ಲಕ್ಷಣವಲ್ಲ. ‘ಇನ್ನು ಸಾಕು’ ಎಂಬ ಎಚ್ಚರಿಕೆ ದೇಹದಿಂದ ತಡವಾಗಿ ಬರುವುದರಿಂದ ಅಂಥವರಿಗೇ ವ್ಯಸನದ ಅಪಾಯ ಹೆಚ್ಚು. ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಮದ್ಯವ್ಯಸನದ ಅಪಾಯದಲ್ಲಿ ಸುಮಾರು ಅರ್ಧ ಪಾಲು ಅನುವಂಶೀಯವಾದುದು. ಇದರ ಜೊತೆಗೆ, ಮುಂದಿನದನ್ನು ಯೋಚಿಸಿ ಮನಸ್ಸನ್ನು ತಡೆಯುವ ಮಿದುಳಿನ ಮುಂಭಾಗ 25ರ ಆಸುಪಾಸಿನವರೆಗೂ ಪೂರ್ಣವಾಗಿ ಬಲಿತಿರುವುದಿಲ್ಲ. ಅಪ್ಪನಂತೆ ಆಗಬಾರದೆಂಬ ಹಟವೊಂದೇ ಸಾಕೆಂದುಕೊಂಡಿದ್ದ ನನಗೆ ಇದಾವುದೂ ಗೊತ್ತಿರಲಿಲ್ಲ.

ಕೆಲಸ ಸಿಕ್ಕಿತು. ಮನೆಯ ಸಾಲವನ್ನು ತೀರಿಸಲೆಂದು ನನ್ನ ಹೆಸರಿನಲ್ಲಿ ಹೊಸ ಸಾಲ ಮಾಡಿದೆ. ಸಂಬಳ ಬಂದ ದಿನವೇ ಕಂತು ಹೋಗುತ್ತಿತ್ತು, ಉಳಿದುದರಲ್ಲಿ ತಿಂಗಳು ಸಾಗಿಸುವ ಚಿಂತೆಗೆ ನಿದ್ದೆ ಬರುತ್ತಿರಲಿಲ್ಲ, ನಿದ್ದೆಗಾಗಿ ಕುಡಿಯತೊಡಗಿದೆ. ಮದ್ಯ ಬೇಗ ನಿದ್ದೆ ಬರಿಸುತ್ತದೆ, ನಿಜ. ಆದರೆ ರಕ್ತದಲ್ಲಿ ಅದು ಇಳಿಯುತ್ತಾ ಬಂದಂತೆ ಮಿದುಳು ಕೆರಳಿ ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ. ಮೂರು ಗಂಟೆಗೆ ಎದ್ದು ಕುಳಿತು ಬಡ್ಡಿಯ ಲೆಕ್ಕ ಹಾಕುವುದು, ಮರುದಿನ ಇನ್ನಷ್ಟು ಕುಡಿಯುವುದು ಹೀಗೆ ಅಭ್ಯಾಸವಾಯಿತು. 24ರಲ್ಲಿ ಒಂದು ದಿನ ಮೊಬೈಲಿನಲ್ಲಿ ತಿಂಗಳ ಖರ್ಚಿನ ಪಟ್ಟಿ ಮಾಡುತ್ತಿದ್ದಾಗ ಕೊನೆಯ ಸಾಲಿನಲ್ಲಿ ಬೆರಳು ತಾನಾಗಿ ‘ಇತರೆ’ ಎಂದು ಒತ್ತಿತು. ಆ ಮೊತ್ತ ಕಂತಿಗಿಂತ ಹೆಚ್ಚಾಗಿತ್ತು.

ಅಂದೇ ಬಿಟ್ಟೆ. ಅದು ತಪ್ಪಾಯಿತು, ಬಿಟ್ಟದ್ದಲ್ಲ, ಬಿಟ್ಟ ರೀತಿ. ಮರುದಿನ ಬೆಳಗ್ಗೆ ನೀರಿನ ಲೋಟ ಹಿಡಿಯಲಾರದಷ್ಟು ಕೈ ನಡುಗುತ್ತಿತ್ತು, ಬೆವರಿನಿಂದ ಹಾಸಿಗೆ ಒದ್ದೆಯಾಗಿತ್ತು. ತಂಗಿ ನನ್ನ ಮಾತಿಗೆ ಕಿವಿಗೊಡದೆ ಆಸ್ಪತ್ರೆಗೆ ಕರೆದೊಯ್ದಳು. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ ಶುರುವಾಗಬಹುದು, ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, 48ರಿಂದ 96 ಗಂಟೆಗಳ ನಡುವೆ ಭ್ರಮೆಯಿಂದ ಕೂಡಿದ ಸನ್ನಿ ಕಾಣಿಸಿಕೊಳ್ಳಬಹುದು. ಚಿಕಿತ್ಸೆಯಿಲ್ಲದಿದ್ದರೆ ಜೀವಕ್ಕೇ ಅಪಾಯ. ‘ಮನಸ್ಸು ಮಾಡಿದರೆ ಬಿಡುವುದೇನು ಮಹಾ’ ಎನ್ನುವ ಹಿರಿಯರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಮನಸ್ಸು ಮಾಡಿಯೇ ನಾನು ಆ ಸ್ಥಿತಿಗೆ ತಲುಪಿದ್ದೆ.

ವೈದ್ಯರು ನಾಲ್ಕು ಪ್ರಶ್ನೆ ಕೇಳಿದರು: ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿತ್ತೇ, ಯಾರಾದರೂ ಟೀಕಿಸಿದಾಗ ಕಿರಿಕಿರಿಯಾಗಿತ್ತೇ, ತಪ್ಪಿತಸ್ಥ ಭಾವನೆ ಕಾಡಿತ್ತೇ, ಬೆಳಗ್ಗೆ ಎದ್ದೊಡನೆ ಕುಡಿದದ್ದುಂಟೇ. ಅಮೆರಿಕದ ಮನೋವೈದ್ಯ ಜಾನ್ ಯೂಯಿಂಗ್ ಅವರು 1984ರ ಲೇಖನವೊಂದರಲ್ಲಿ ವಿವರಿಸಿದ ಪ್ರಶ್ನೆಗಳಿವು ಎಂದು ಆಮೇಲೆ ಓದಿದೆ. ಎರಡಕ್ಕೆ ಹೌದೆಂದರೆ ಗಂಭೀರವಾಗಿ ಪರಿಗಣಿಸುತ್ತಾರೆ. ನಾನು ಮೂರಕ್ಕೆ ಹೌದೆಂದೆ, ನಾಲ್ಕನೆಯದಕ್ಕೆ ತಂಗಿ ನನ್ನ ಪರವಾಗಿ ಹೌದೆಂದಳು.

ನಡುಕ ಇಳಿಸುವ ಔಷಧಿ, ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು, ಆಮೇಲೆ ಬಯಕೆ ತಗ್ಗಿಸುವ ಮಾತ್ರೆ, ವಾರಕ್ಕೊಂದು ಸಮಾಲೋಚನೆ. ನಡುವೆ ಎರಡು ಸಲ ಮತ್ತೆ ಕುಡಿದೆ, ಎರಡು ಸಲವೂ ಕಂತು ತಪ್ಪಿದ ವಾರದಲ್ಲೇ. ಹಾಗಾಗಿ ಮೂರನೆಯ ಸಲ ಸಾಲ ಕೊಟ್ಟವರ ಬಳಿಗೆ ನಾನೇ ಹೋಗಿ, ಮಾಸಿಕ ಕಂತನ್ನು ಇಳಿಸಿ ಅವಧಿಯನ್ನು ಹೆಚ್ಚಿಸಿಕೊಂಡೆ. ಒಟ್ಟು ಬಡ್ಡಿ ಹೆಚ್ಚಾಯಿತು. ಔಷಧಿಯಷ್ಟೇ ಆ ತೀರ್ಮಾನವೂ ನನ್ನನ್ನು ಉಳಿಸಿತು ಎಂದುಕೊಂಡಿದ್ದೇನೆ.

ವ್ಯಸನಿಗಳ ಕುಟುಂಬದವರಿಗೆಂದೇ 1951ರಿಂದ ಇರುವ ಅಲ್-ಅನಾನ್ ಸಭೆಗಳ ಬಗ್ಗೆ ಅಮ್ಮನಿಗೆ ಹೇಳಿದೆ. ‘ನಾನು ಕುಡಿಯುವುದಿಲ್ಲವಲ್ಲಪ್ಪ, ನಾನೇಕೆ ಹೋಗಲಿ?’ ಎಂದಳು. ಅಪ್ಪ ಈಗ ಕಡಿಮೆ ಕುಡಿಯುತ್ತಾರೆ, ದೇಹ ತಡೆಯದ ಕಾರಣಕ್ಕೆ. ಡೈರಿಯಲ್ಲಿ ‘ಇತರೆ’ ಇನ್ನೂ ಇದೆ, ಅದನ್ನು ತೆಗೆಯೆಂದು ನಾನು ಹೇಳಲು ಹೋಗಿಲ್ಲ. ನನ್ನ ಪಟ್ಟಿಯಲ್ಲಿ ಈಗ ಕಂತು, ಬಾಡಿಗೆ, ಔಷಧಿ ಎಂದು ಪ್ರತಿಯೊಂದಕ್ಕೂ ಅದರದೇ ಹೆಸರಿದೆ. ಕಂತು ಮುಗಿಯಲು ಇನ್ನೂ 14 ತಿಂಗಳು ಬಾಕಿಯಿದೆ.