ಎಣ್ಣೆಗೆ ಬಗ್ಗದ ಉಕ್ಕು

ಶಿರಸಿ ಸುತ್ತಿನ ಕುಲುಮೆಗಳಲ್ಲಿ ಈಗ ಕತ್ತಿಯಾಗುವುದು ಹೆಚ್ಚಾಗಿ ಲಾರಿಯ ಸ್ಪ್ರಿಂಗ್ ಪಟ್ಟಿ. ಒಳ್ಳೆಯ ಉಕ್ಕು, ತಕರಾರಿಲ್ಲ. ಆದರೂ ಅದಿರಿನಿಂದಲೇ ಶುರುಮಾಡಿ ಒಂದು ಕತ್ತಿ ಬಡಿಯಬೇಕೆಂದು, ಅಡಿಕೆಯ ಕೊನೆಗೊಯ್ಲು ಮುಗಿದ ಮೇಲೆ ಫೆಬ್ರುವರಿಯ ಒಂದು ಬೆಳಿಗ್ಗೆ ಹಿತ್ತಲಿನ ಗೂಡಿಗೆ ಬೆಂಕಿ ಹಾಕಿದೆವು. ಮಳೆಗಾಲದಲ್ಲಿ ಇದು ಆಗುವ ಕೆಲಸವಲ್ಲ. ಇದ್ದಿಲು ಪಸೆ ಹಿಡಿದಿದ್ದರೆ ಕಾವೆಲ್ಲ ಅದನ್ನು ಒಣಗಿಸುವುದಕ್ಕೇ ಹೋಗುತ್ತದೆ.

ಗೂಡು ಎದೆಯೆತ್ತರ, ಒಳಗಿನ ಅಗಲ 28 ಸೆಂ.ಮೀ., ಗೋಡೆ ನಾಲ್ಕು ಬೆರಳು ದಪ್ಪ. ಮಣ್ಣಿಗೆ ಮರಳು, ಭತ್ತದ ಹೊಟ್ಟು ಸೇರಿಸಿ ತುಳಿದು ಕಟ್ಟಿದ್ದು. ಹೊಟ್ಟು ಸುಟ್ಟುಹೋದಲ್ಲಿ ಉಳಿಯುವ ಸಣ್ಣ ತೂತುಗಳೇ ಗೋಡೆ ಸೀಳದಂತೆ ಕಾಯುತ್ತವೆ. ಊದುಕೊಳವೆ ತಳದಿಂದ ಒಂದು ಗೇಣು ಮೇಲೆ, ಮೂತಿ ಸುಮಾರು 20 ಡಿಗ್ರಿ ಕೆಳಮುಖವಾಗಿ, ಗೋಡೆಯಿಂದ ಎರಡು ಬೆರಳು ಒಳಕ್ಕೆ ಚಾಚಿರಬೇಕು. ಗೋಡೆಗೆ ಸಮನಾಗಿ ಇಟ್ಟರೆ ಗಾಳಿ ಗೋಡೆಯನ್ನೇ ಕರಗಿಸುತ್ತದೆ.

ಅದಿರು 20 ಕೆಜಿ ಕೆಂಪು ಹೆಮಟೈಟ್. ಹುರಿದು, ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದ್ದು. ಕಾರವಾರದ ತಿಳ್ಮಾತಿ ಕಡಲ ದಂಡೆಯ ಎಳ್ಳಿನಂಥ ಕಪ್ಪು ಮರಳು ಆಗದೇ ಎಂದು ಕೇಳುವವರಿದ್ದಾರೆ. ಕಪ್ಪಗಿದ್ದದ್ದೆಲ್ಲ ಕಬ್ಬಿಣವಲ್ಲ, ಇದ್ದಿಲ ಬೆಂಕಿಯಲ್ಲಿ ಹುರಿದ ಮೇಲೂ ಅಯಸ್ಕಾಂತಕ್ಕೆ ಅಂಟದ್ದನ್ನು ಗೂಡಿಗೆ ಹಾಕಿ ಫಲವಿಲ್ಲ. ಕಡಲತೀರದ ಮರಳಿಗೆ ಕೈಹಾಕುವುದೂ ಸಲ್ಲದು.

ಮೊದಲ ಒಂದು ಗಂಟೆ ಕಟ್ಟಿಗೆ, ಆಮೇಲೆ ಬಾಯಿತನಕ ಇದ್ದಿಲು. ಅಡಿಕೆ ಗಾತ್ರದ ತುಂಡುಗಳು, ಪುಡಿ ಜರಡಿ ಹಿಡಿದು ತೆಗೆದದ್ದು. ಎರಡು ಕೆಜಿ ಇದ್ದಿಲು 10 ನಿಮಿಷದಲ್ಲಿ ಕೆಳಗಿಳಿಯುವಷ್ಟು ಗಾಳಿ ಸಾಕು. ಐದೇ ನಿಮಿಷಕ್ಕೆ ಇಳಿದರೆ ಅದಿರು ಹಸಿಯಾಗಿಯೇ ತಳ ಸೇರಿ ಕಿಟ್ಟವಾಗುತ್ತದೆ, ಅಂದರೆ ಕರಗಿದ ಕಸವಾಗುತ್ತದೆ. ಎರಡು ಕೆಜಿ ಇದ್ದಿಲಿಗೆ ಒಂದು ಕೆಜಿ ಅದಿರಿನಿಂದ ಶುರುಮಾಡಿ ಒಂದೂವರೆಯವರೆಗೆ ಏರಿಸಿದೆವು. ಸಮಸಮ ಹಾಕಿದರೆ ಮೆದು ಕಬ್ಬಿಣ ಹೆಚ್ಚು ಬರುತ್ತದೆ. ಕತ್ತಿಯ ಬಾಯಿಗೆ ಬೇಕಾದ ಇಂಗಾಲ ಸಿಗಬೇಕಾದರೆ ಇದ್ದಿಲೇ ಮುಂದಿರಬೇಕು. ಕೊಳವೆಯಲ್ಲಿ ಗೊಳಗೊಳ ಸದ್ದು ಕೇಳಿಸಿತೋ, ಕಿಟ್ಟ ಮೂತಿಯ ಮಟ್ಟಕ್ಕೆ ಏರಿತೆಂದೇ ಅರ್ಥ. ಕೂಡಲೇ ಬುಡದಲ್ಲಿ ತೂತು ಕೊರೆದು ಹರಿಯಬಿಡಬೇಕು. ಆದರೆ ಪೂರ್ತಿ ಬಸಿಯಬಾರದು, ಗಾಳಿ ನೇರ ತಗುಲಿದರೆ ಒಳಗೆ ಕಟ್ಟುತ್ತಿರುವ ಕಬ್ಬಿಣದ ಮುದ್ದೆ ಸುಡುತ್ತದೆ.

ಮಧ್ಯಾಹ್ನದ ಹೊತ್ತಿಗೆ 5 ಕೆಜಿಯ ಮುದ್ದೆ ಇಕ್ಕಳಕ್ಕೆ ಸಿಕ್ಕಿತು. ಮೊದಲ ಪೆಟ್ಟು ಮರದ ಕೊಡತಿಯದು, ಮೆಲ್ಲಗೆ. ಸುತ್ತಿಗೆ ಎತ್ತಿದರೆ ಹೋಳಾಗುತ್ತದೆ. ಒಂದು ಮೂಲೆಗೆ ಇಂಗಾಲ ಮಿತಿಮೀರಿ ಅದು ಬೀಡುಕಬ್ಬಿಣವಾಗಿತ್ತು, ಪೆಟ್ಟಿಗೆ ಬೆಲ್ಲದ ಹೆಂಟೆಯಂತೆ ಉದುರಿತು. ಉಳಿದದ್ದನ್ನು ತಟ್ಟಿ, ಸೀಳಿ, ಏಳು ಸಲ ಮಡಚಿ ಬೆಸೆಯುವಷ್ಟರಲ್ಲಿ ಕೈಗೆ ಉಳಿದದ್ದು 2 ಕೆಜಿ. ಸಾಣೆಯಲ್ಲಿ ಕಿಡಿ ಕವಲೊಡೆದು ಚಿಮ್ಮಿದ, ಇಂಗಾಲ ಹೆಚ್ಚಿರುವ ತುಂಡು ಬಾಯಿಗೆ, ಕಿಡಿ ಉದ್ದ ಗೆರೆಯಾಗಿ ಹಾರಿದ ಮೆದು ತುಂಡು ಬೆನ್ನಿಗೆ. ಉಕ್ಕು ಎಂಬ ನಮ್ಮ ಮಾತಿನಿಂದ ಹೆಸರು ಬಂದಿದ್ದೆನ್ನುವ ವೂಟ್ಜ್, ಅಂದರೆ ದಕ್ಷಿಣ ಭಾರತದ ಹಳೆಯ ಹೆಸರಾಂತ ಉಕ್ಕು, ಇದಲ್ಲ. ಅದನ್ನು ಮುಚ್ಚಿದ ಮೂಸೆಯಲ್ಲಿ ಪೂರ್ತಿ ಕರಗಿಸುತ್ತಿದ್ದರು. ಇಲ್ಲಿ ಬೀಡಾದ ಮೂಲೆ ಬಿಟ್ಟರೆ ಕಬ್ಬಿಣ ಕರಗುವುದಿಲ್ಲ, ಕರಗುವುದು ಕಿಟ್ಟ.

ಪೆಟ್ಟು ತಿಂದದ್ದು ಹದದಲ್ಲಿ, ಅಂದರೆ ಕಾಯಿಸಿ ತಣಿಸಿ ಅಲಗನ್ನು ಗಟ್ಟಿ ಮಾಡುವಲ್ಲಿ. ಸ್ಪ್ರಿಂಗ್ ಪಟ್ಟಿಯ ಅಭ್ಯಾಸದ ಮೇಲೆ ಕೆಂಪಗೆ ಕಾದ ಅಲಗನ್ನು ಎಣ್ಣೆಗೆ ಅದ್ದಿದೆವು. ತಣಿದ ಮೇಲೆ ಅರ ಹಾಕಿದರೆ ಕಚ್ಚಿಕೊಂಡು ಪುಡಿ ಎಬ್ಬಿಸಿತು, ಅಂದರೆ ಅಲಗು ಗಟ್ಟಿಯಾಗಿರಲಿಲ್ಲ. ಇಂಗಾಲ ಕಡಿಮೆಯಾಗಿರಲಿಲ್ಲ, ಕಿಡಿಯೇ ಸಾಕ್ಷಿ. ಸ್ಪ್ರಿಂಗ್ ಪಟ್ಟಿಯಲ್ಲಿ ಮ್ಯಾಂಗನೀಸ್ ಇರುತ್ತದೆ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ. ಹಾಗಾಗಿ ಅದು ಎಣ್ಣೆಯಲ್ಲಿ ನಿಧಾನಕ್ಕೆ ತಣಿದರೂ ಗಟ್ಟಿಯಾಗುತ್ತದೆ. ಗೂಡಿನ ಉಕ್ಕಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಕಾವು ಇಳಿಯದಿದ್ದರೆ ಅದು ಮೆತ್ತಗೇ ಉಳಿಯುತ್ತದೆ. ಅದಕ್ಕೆ ನೀರೇ ಬೇಕು, ಉಪ್ಪುನೀರಾದರೆ ಇನ್ನೂ ಒಳ್ಳೆಯದು. ಬರಿ ನೀರಿನಲ್ಲಿ ಅಲಗಿನ ಸುತ್ತ ಆವಿಯ ಪೊರೆ ಕಟ್ಟಿಕೊಳ್ಳುತ್ತದೆ, ಉಪ್ಪು ಅದನ್ನು ಒಡೆಯುತ್ತದೆ.

ಮತ್ತೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಟ್ಟೆವು, ಸುತ್ತಿಗೆಯ ಬಿಗಿತ ಬಿಡಲಿ ಎಂದು. ಬಾಯಿಯನ್ನು ಒಂದೂವರೆ ಮಿ.ಮೀ. ದಪ್ಪ ಉಳಿಸಿಕೊಂಡೆವು; ಅದಕ್ಕಿಂತ ತೆಳುವಾದರೆ ನೀರಿನಲ್ಲಿ ಸೀಳುವುದು ಹೆಚ್ಚು. 10 ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಕೆಜಿ ಸಾಣಿಕಟ್ಟಾ ಉಪ್ಪು. ಅಯಸ್ಕಾಂತಕ್ಕೆ ಅಂಟುವುದು ನಿಂತು, ಬಣ್ಣ ಇನ್ನೊಂದು ಛಾಯೆ ಏರಿದಾಗ ಬಾಯಿಯನ್ನು ಎರಡು ಬೆರಳಿನಷ್ಟು ಮಾತ್ರ ಮುಳುಗಿಸಿ, ಮೇಲೆ ಕೆಳಗೆ ತುಸು ಆಡಿಸುತ್ತ ಹಿಡಿದೆವು. ಆಡಿಸದಿದ್ದರೆ ನೀರಿನ ಗೆರೆ ನಿಂತಲ್ಲೇ ಬಿರುಕು.

ಈ ಸಲ ಅರ ಜಾರಿತು, ಗಾಜಿನ ಮೇಲೆ ಉಜ್ಜಿದ ಸದ್ದು. ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಗಾಜಿನಂತೆ ಮುರಿಯದಿರಲಿ ಎಂದು ಬೆನ್ನಿನ ಕಡೆಯಿಂದ ಕಾವು ಕೊಟ್ಟೆವು. ಬಾಯಿ ಒಣಹುಲ್ಲಿನ ಹಳದಿ ದಾಟಿ ಕಂದಿಗೆ ತಿರುಗಿದ ಕೂಡಲೇ ನೀರು. ತುದಿಯ ಹತ್ತಿರ ಮಾತ್ರ ಅರ ಇನ್ನೂ ಕಚ್ಚುತ್ತಿತ್ತು. ಮಡಚುವಾಗ ಬೆನ್ನಿನ ಮೆದು ಕಬ್ಬಿಣ ಅಲ್ಲಿ ಬಾಯಿಗೆ ಹೊರಳಿತ್ತು. ಅಷ್ಟನ್ನೂ ತೇಯ್ದು ತೆಗೆದೆವು, ಕತ್ತಿ ಎರಡು ಬೆರಳು ಗಿಡ್ಡವಾಯಿತು.