‘ಚಳಿ ಹೆಂಗ ತಡಕೊಂಡಿ?’

ಪೋಲೆಂಡಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸಿ ಬಂದೆ. ಅಲ್ಲಿ ಚಳಿಗಾಲಕ್ಕೆ ನನಗೆ ಡಿಪ್ರೆಶನ್ ಬಂದಿತ್ತು ಅನ್ನೋ ಸುದ್ದಿ ಬ್ಯಾಡಗಿ ದಾಟಿ ಹಾವೇರಿ ತನಕ ಹೋಗಿದೆ. ಈಗ ಸಿಕ್ಕವರೆಲ್ಲ ಕೇಳುವುದು ಒಂದೇ: ‘ಅಷ್ಟು ಚಳಿ ಹೆಂಗ ತಡಕೊಂಡಿ?’ ಹೇಳಿ ಹೇಳಿ ಬಾಯಿ ನೊಂದಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಚಳಿ ಅಲ್ರಿ. ಚಳಿಗೆ ಜಾಕೆಟ್ ಇದೆ, ಮನೆಯಲ್ಲಿ ಹೀಟರ್ ಇದೆ. ಡಿಸೆಂಬರಿನಲ್ಲಿ ನಾನು ರೂಮಿನಲ್ಲಿ ಬನಿಯನ್ ಮೇಲೆ ಕೂತಿರುತ್ತಿದ್ದೆ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಜನವರಿ ಬೆಳಗಿನ ಐದಕ್ಕೆ ನಿಂತು ನೋಡಿ, ಜಾಸ್ತಿ ನಡುಗುತ್ತೀರಿ.

ನನ್ನನ್ನು ಕೆಡವಿದ್ದು ಕತ್ತಲೆ. ನಾನಿದ್ದದ್ದು ಗ್ದಾನ್ಸ್ಕ್, ಸಮುದ್ರದ ದಂಡೆಯ ಊರು. ಅಕ್ಟೋಬರ್ ಕೊನೆಯ ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತದೆ. ಅಲ್ಲಿಂದ ಶುರು. ಡಿಸೆಂಬರಿನಲ್ಲಿ ಸೂರ್ಯ ಎಂಟಕ್ಕೆ ಹುಟ್ಟಿ 3.20ರ ಸುಮಾರಿಗೆ ಮುಳುಗುತ್ತಾನೆ. ನಡುವಿನ 7 ತಾಸೂ ಮೋಡ. ಅದೇ ದಿನ ನಮ್ಮ ಕಡೆ 11 ತಾಸಿನ ಮೇಲೆ ಹಗಲು. ಬ್ಯಾಡಗಿಯವರಿಗೆ ಚಳಿಗಾಲ ಅಂದರೆ ಬಿಸಿಲಿನ ಹಂಗಾಮು. ಮೆಣಸಿನಕಾಯಿ ಒಣಗುವುದೇ ಆಗ. ಕಣದ ತುಂಬ ಕೆಂಪು ಹಾಸಿಗೆ ಹಾಸಿರುತ್ತದೆ, ಮೋಡ ಕಂಡರೆ ಎಲ್ಲರೂ ತಾಡಪಾಲ ಹುಡುಕುತ್ತಾರೆ. ನಾನು ಬೆಳೆದದ್ದು ಅಂಥ ಮನೆಯಲ್ಲಿ.

ಇನ್ನೊಂದು ಸಂಗತಿ, ಕೆಲಸಕ್ಕೆ ಹೋಗುವವರಿಗೆ ಯಾರೂ ಹೇಳುವುದಿಲ್ಲ. ಭಾಷೆ ಕಲಿಸುವ ಶಾಲೆಗಳಲ್ಲಿ ಕ್ಲಾಸು ಇರುವುದು ಸಂಜೆ. ಕಲಿಯುವವರು ಆಫೀಸು ಮುಗಿಸಿ ಬರಬೇಕಲ್ಲ. ನಾಲ್ಕಕ್ಕೆ ಶುರು, ಎಂಟೂವರೆಗೆ ಮುಗಿತು. ರಾತ್ರಿ ಒಂದಕ್ಕೆ ಮಲಗು, ಹನ್ನೊಂದಕ್ಕೆ ಏಳು. ಚಹಾ ಕುಡಿದು ಪಾಠ ತಯಾರಿ ಮಾಡುವಷ್ಟರಲ್ಲಿ ಹೊರಗೆ ಬೀದಿ ದೀಪ ಹತ್ತಿರುತ್ತಿತ್ತು. ಇದ್ದ 7 ತಾಸಿನಲ್ಲಿ ಮೂರನ್ನು ನಾನೇ ಹೊದ್ದುಕೊಂಡು ಕಳೆಯುತ್ತಿದ್ದೆ. ಇದು ನನ್ನ ತಪ್ಪು ಅಂತ ಈಗ ಅನ್ನಬಹುದು. ಆಗ ಏಳಲು ಆಗುತ್ತಿರಲಿಲ್ಲ, ಅದೇ ರೋಗ.

ಒಂದು ಮದುವೆಯಲ್ಲಿ ನಡೆದದ್ದು ಹೇಳುತ್ತೇನೆ. ವಾಪಸ್ ಬಂದ ವರ್ಷ ಸಂಬಂಧಿಕರ ಮದುವೆ. ಊಟದ ಪಂಕ್ತಿಯಲ್ಲಿ ಎದುರಿಗೆ ದೂರದ ಮಾವ ಒಬ್ಬರು. ಎಲೆ ಮೇಲೆ ಗೋದಿ ಹುಗ್ಗಿ ಬಿತ್ತು, ಅದರ ಮೇಲೆ ತುಪ್ಪ ಬಿತ್ತು, ಅದರ ಮೇಲೆ ಪ್ರಶ್ನೆ. ‘ಏನಪಾ, ಡಿಪ್ರೆಶನ್ ಆಗಿತ್ತಂತ. ಮೈಕೈ ತುಂಬಿಕೊಂಡು ಬಂದೀಯಲ್ಲ?’ ಪಂಕ್ತಿ ಪೂರ್ತಿ ತಿರುಗಿತು. ‘ಧಾರವಾಡಕ್ಕ ತೋರ್ಸಿದ್ರೇನು?’

ನಮ್ಮ ಕಡೆ ಧಾರವಾಡಕ್ಕೆ ಎರಡು ಅರ್ಥ. ಒಂದು ಯೂನಿವರ್ಸಿಟಿ, ಇನ್ನೊಂದು ಡಿಮ್ಹಾನ್ಸ್, ಅಂದರೆ ಮಾನಸಿಕ ಆಸ್ಪತ್ರೆ. ನಕ್ಕವರು ಯಾವ ಅರ್ಥಕ್ಕೆ ನಕ್ಕರು ಅಂತ ಗೊತ್ತು. ಎರಡಕ್ಕೂ ಹೋಗಿದ್ದೇನ್ರಿ. ಒಂದರಲ್ಲಿ ಎಂ.ಎ. ಸಿಕ್ಕಿತು, ಇನ್ನೊಂದರಲ್ಲಿ ನಿದ್ದೆ. ಇನ್ನು ಮೈಕೈ: ಈ ನಮೂನೆ ಡಿಪ್ರೆಶನ್‌ನಲ್ಲಿ ಸಾಮಾನ್ಯವಾಗಿ ಆಗುವುದೇ ಅದು. ನಿದ್ದೆ ಜಾಸ್ತಿ, ಹಸಿವು ಜಾಸ್ತಿ, ಅದರಲ್ಲೂ ಬ್ರೆಡ್ಡು, ಆಲೂಗಡ್ಡೆ, ಸಿಹಿ. 1984ರಲ್ಲಿ ಇದಕ್ಕೆ ‘ಸೀಸನಲ್ ಅಫೆಕ್ಟಿವ್ ಡಿಸಾರ್ಡರ್’ ಅಂತ ಹೆಸರಿಟ್ಟು ಬರೆದ ಡಾಕ್ಟರ್ ನಾರ್ಮನ್ ರೋಸೆಂಥಾಲ್ ಬಿಸಿಲಿನ ಜೋಹಾನ್ಸ್‌ಬರ್ಗಿನಿಂದ ನ್ಯೂಯಾರ್ಕಿಗೆ ಬಂದವರು. ಅಲ್ಲಿನ ಚಳಿಗಾಲದಲ್ಲಿ ತಾವೇ ಮಂಕಾಗಿದ್ದರು. ಇದನ್ನೆಲ್ಲ ಪಂಕ್ತಿಯಲ್ಲಿ ಹೇಳಲಿಲ್ಲ. ಹುಗ್ಗಿ ತಿಂದೆ.

ಏನು ಮಾಡಿದೆ ಅಂತ ಕೇಳ್ತೀರಲ್ಲ, ಬೇಗ ಹೇಳಿಬಿಡ್ತೀನಿ. ಒಂದು ದೀಪ ಕೊಂಡೆ. 10,000 ಲಕ್ಸ್‌ನದು (ಲಕ್ಸ್ ಅಂದರೆ ಬೆಳಕಿನ ಅಳತೆ), ಬೆಳಕಿನ ಚಿಕಿತ್ಸೆಗೆ ಅಂತಲೇ ಮಾಡಿದ್ದು. ನಮ್ಮ ಟ್ಯೂಬ್‌ಲೈಟಿನ ಮನೆಯಲ್ಲಿ 500 ಲಕ್ಸ್ ಇದ್ದರೆ ಪುಣ್ಯ. ಕ್ಲಾಸು ಮುಗಿಸಿ ಬಂದು ರಾತ್ರಿ ಒಂಬತ್ತೂವರೆಗೆ ಹಚ್ಚಿ ಕೂತೆ. ಮೂರು ಗಂಟೆ ತನಕ ಕಣ್ಣು ಮುಚ್ಚಲಿಲ್ಲ. ಒಂದು ವಾರ ಹೀಗೇ ನಡೆಸಿದೆ. ಆಮೇಲೆ ಡಾಕ್ಟರ್ ಬಳಿ ಹೋದರೆ ಅವರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಅದು ಬೆಳಿಗ್ಗೆ ಎದ್ದ ಕೂಡಲೇ ಅರ್ಧ ತಾಸು, ರಾತ್ರಿ ಅಲ್ಲ. ದೇಹದ ಗಡಿಯಾರಕ್ಕೆ ‘ಬೆಳಗಾಯ್ತು’ ಅಂತ ಹೇಳುವ ದೀಪ ಅದು, ನಾನು ರಾತ್ರಿ ಹತ್ತಕ್ಕೆ ಬೆಳಗು ಮಾಡಿದ್ದೆ. ಮಾತ್ರೆಯನ್ನೂ ಬರೆದರು, ನುಂಗಿದೆ. ಎರಡು ಬೆಳಗಿನ ಕ್ಲಾಸು ಕೇಳಿ ತಗೊಂಡೆ, ಮಧ್ಯಾಹ್ನದೊಳಗೆ ಒಂದು ಸುತ್ತು ನಡೆದೆ. ಮರುವರ್ಷ ಅಕ್ಟೋಬರಿಗೇ ದೀಪ ಹೊರಗೆ ತೆಗೆದೆ. ಅಷ್ಟೇ. ಯೋಗ ಮಾಡಲಿಲ್ಲ, ಕೇಳಬೇಡಿ.

ಯಾರೂ ಕೇಳದ್ದು ಒಂದಿದೆ: ‘ಮನಿಗೆ ಏನಂತ ಹೇಳಿದಿ?’

ಆರಾಮ್ ಅಂತ ಹೇಳಿದೆ. ದಿನಾ. ನನ್ನ ಕಸುಬೇ ಅದಾಗಿತ್ತು. ‘ಹೌ ಆರ್ ಯು’ ಅಂದರೆ ‘ಫೈನ್, ಥ್ಯಾಂಕ್ ಯು’ ಅನ್ನಬೇಕು, ಇದು ಮೊದಲ ಪಾಠ. ಪೋಲೆಂಡಿನವರು ಇದನ್ನು ಕಲಿಯುವುದೇ ಇಲ್ಲ. ಹೇಗಿದ್ದೀರಿ ಅಂದರೆ ಅವರ ಭಾಷೆಯಲ್ಲಿ ‘ಸ್ತಾರಾ ಬ್ಯೆದಾ’ ಅಂತಾರೆ, ಅಂದರೆ ‘ಅದೇ ಹಳೇ ಬಡತನ’. ನಮ್ಮ ‘ನಡದೈತ್ರಿ ಹಂಗ’ ಇದ್ದಂತೆ. ನನ್ನ ಕ್ಲಾಸಿನಲ್ಲಿ ರಿಟೈರ್ ಆದ ಅಜ್ಜ ಒಬ್ಬ ಇದ್ದ. ಹೌ ಆರ್ ಯು ಅಂದರೆ ಮೊಣಕಾಲು, ಗ್ಯಾಸ್ ಬಿಲ್ಲು, ಮಗಳ ಗಂಡ, ಎಲ್ಲ ಬರುತ್ತಿತ್ತು, ತಪ್ಪು ವ್ಯಾಕರಣದಲ್ಲಿ. ಒಂದು ಸಂಜೆ ‘ಜಸ್ಟ್ ಸೇ ಫೈನ್’ ಅಂತ ತಿದ್ದಿದೆ. ಆತ ಕನ್ನಡಕ ತೆಗೆದು ನನ್ನನ್ನೇ ನೋಡಿ ಕೇಳಿದ: ‘ಆ್ಯಂಡ್ ಯು, ಟೀಚರ್? ಫೈನ್?’ ಕೈಯಲ್ಲಿ ಮಾರ್ಕರ್ ಇತ್ತು. ಬೋರ್ಡ್ ಕಡೆ ತಿರುಗಿ ತಾರೀಖು ಬರೆದೆ. ಅದಾಗಲೇ ಬರೆದಿತ್ತು.

ಆ ರಾತ್ರಿ ಇಲ್ಲಿ ಊರಲ್ಲಿ ಎಲ್ಲರೂ ಮಲಗಿದ್ದರು. ಮರುದಿನ ಅವ್ವನಿಗೆ ಫೋನ್ ಮಾಡಿದೆ. ‘ಬ್ಯಾಸರಾಗೇತಿ’ ಅಂದೆ. ‘ಬ್ಯಾಸರಾದ್ರ ಒಂದು ಸಿನಿಮಾ ನೋಡು’ ಅಂದಳು. ಖಿನ್ನತೆ ಅನ್ನೋದು ಪೇಪರಿನ ಮಾತು, ಅವ್ವನ ಹತ್ತಿರ ಹೇಗೆ ಆಡಲಿ? ಸುಮ್ನೆ ಇದ್ದೆ. ಆಮೇಲೆ ಹೇಳಿದೆ: ‘ಅವ್ವಾ, ಇಲ್ಲೆ ಎರಡು ತಿಂಗಳಾತು, ಮೋಡ ಸರದಿಲ್ಲ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ‘ಎರಡು ತಿಂಗಳಾ? ಬೂಷ್ಟು ಹಿಡಿತದಲ್ಲೋ’ ಅಂದಳು.

ಅಂದಿನಿಂದ ದಿನಾ ವಿಡಿಯೋ ಕಾಲ್. ಮಾತಿಲ್ಲ. ಫೋನನ್ನು ಕಣದ ಕಡೆ ತಿರುಗಿಸಿ ಇಟ್ಟು ಕಾಯಿ ಹರವಲು ಹೋಗುತ್ತಿದ್ದಳು. ಸ್ಕ್ರೀನಿನಲ್ಲಿ ಕೆಂಪು, ಆಗಾಗ ಒಂದು ಕೋಳಿ. ಅದರಿಂದ ರೋಗ ವಾಸಿಯಾಯಿತು ಅಂತ ಬರೆಯುವುದಿಲ್ಲ.

ದೀಪ ಈಗ ಅವ್ವನ ಹತ್ತಿರ ಇದೆ. ರಾತ್ರಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವಾಗ ಹಚ್ಚಿಕೊಳ್ಳುತ್ತಾಳೆ, ಓಣಿಯ ನಾಲ್ಕು ಹೆಂಗಸರೂ ಬಂದು ಕೂರುತ್ತಾರೆ. ರಾತ್ರಿ ಹಚ್ಚಬೇಡ, ನಿದ್ದೆ ಕೆಡುತ್ತದೆ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ.